ದಾಳಿಂಬೆ ಆರಿಸುವಾಗ ಏನನ್ನು ಹೋಲಿಸಬೇಕು: ಹೆಸರನ್ನೇ, ಬಣ್ಣವನ್ನೇ, ವಂಶವನ್ನೇ?

ಹಣ್ಣಿನ ಗಾಡಿಯ ಮುಂದೆ ನಿಂತವರು ದಾಳಿಂಬೆಯನ್ನು ಕೈಗೆತ್ತಿಕೊಂಡು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಒಳಗೆ ಕೆಂಪಗಿದೆಯೇ? ಗಾಡಿಯವನಿಗೆ ಇದು ಗೊತ್ತು. ಅದಕ್ಕೆಂದೇ ಒಂದು ಹಣ್ಣನ್ನು ಬಿಡಿಸಿ, ಮಾಣಿಕ್ಯದಂತಹ ಕಾಳು ಕಾಣುವ ಹಾಗೆ ರಾಶಿಯ ಮೇಲಿಟ್ಟಿರುತ್ತಾನೆ. ಕೆಂಪಿದ್ದರೆ ರಕ್ತಕ್ಕೆ ಒಳ್ಳೆಯದು, ತಿಳಿಗುಲಾಬಿಯಿದ್ದರೆ ಕಳಪೆ ಎಂದು ನಾವು ತೀರ್ಮಾನಿಸಿ ಚೀಲ ತುಂಬಿಸಿಕೊಳ್ಳುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೇಳಿಕೊಟ್ಟ ಹಿರಿಯರು, ಕೆಂಪಗಿರುವುದರ ಬಗ್ಗೆ ಏನೂ ಹೇಳಿಕೊಡಲಿಲ್ಲವೋ ಏನೋ.

ನಮ್ಮಲ್ಲಿ ಬೆಳೆಯುವ ದಾಳಿಂಬೆ ತಳಿಗಳನ್ನು ವಂಶ, ಬಣ್ಣ, ಪೋಷಕಾಂಶ, ರುಚಿ ಎಂಬ ನಾಲ್ಕು ದಿಕ್ಕಿನಿಂದ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಈ ಬರಹದ ಉದ್ದೇಶ. ತಿನ್ನಲು ಕೊಳ್ಳುವವರಿಗೆ, ರಸ ಕುಡಿಯುವವರಿಗೆ, ಹಿತ್ತಲಲ್ಲಿ ಒಂದು ಗಿಡ ನೆಡಬೇಕೆನ್ನುವವರಿಗೆ ಉತ್ತರ ಬೇರೆ ಬೇರೆಯೇ ಆಗುತ್ತದೆ.

ಹೆಸರು ಹತ್ತು, ಮನೆತನ ಒಂದು

ಮೊದಲು ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳೋಣ. ಒಂದು ಅಂಗಡಿಯಲ್ಲಿ ‘ಕೇಸರ್’ ಎನ್ನುತ್ತಾರೆ, ಇನ್ನೊಂದರಲ್ಲಿ ‘ಸಿಂಧೂರಿ’, ಮತ್ತೊಂದೆಡೆ ‘ಅಷ್ಟಗಂಧ’, ಗಡಿಯಾಚೆಯ ಮಾರುಕಟ್ಟೆಯಲ್ಲಿ ‘ಶೇಂದ್ರಿ’. ಇವೆಲ್ಲ ಭಗವಾ ಎಂಬ ಒಂದೇ ತಳಿಗೆ ಬಿದ್ದ ಹೆಸರುಗಳು. ಹೆಸರುಗಳಲ್ಲಿ ಹೆಚ್ಚಿನವು ಸಿಪ್ಪೆಯ ಕೇಸರಿಗೆಂಪನ್ನು ನೋಡಿಯೇ ಹುಟ್ಟಿಕೊಂಡಿವೆ. ಆದ್ದರಿಂದ ‘ಕೇಸರ್ ಚೆನ್ನಾಗಿರುತ್ತದೆಯೋ ಸಿಂಧೂರಿ ಚೆನ್ನಾಗಿರುತ್ತದೆಯೋ’ ಎಂಬ ಚರ್ಚೆ, ಒಬ್ಬನನ್ನೇ ಮನೆಯ ಹೆಸರಿನಿಂದಲೂ ಶಾಲೆಯ ಹೆಸರಿನಿಂದಲೂ ಕರೆದು ಯಾರು ಎತ್ತರ ಎಂದು ಕೇಳಿದ ಹಾಗೆ.

ಇನ್ನು ನಿಜವಾಗಿಯೂ ಬೇರೆ ಬೇರೆಯಾಗಿರುವ ತಳಿಗಳು. ಅವುಗಳ ವಂಶವೃಕ್ಷ ಬಿಡಿಸಿದರೆ ಬಹುಪಾಲು ಬೇರುಗಳು ಒಂದೇ ಮನೆಯ ಬಾಗಿಲಿಗೆ ಬಂದು ಸೇರುತ್ತವೆ. ಆ ಮನೆಯ ಯಜಮಾನ ‘ಗಣೇಶ್’. ಪುಣೆಯ ಗಣೇಶಖಿಂಡ ಹಣ್ಣಿನ ತೋಟದಲ್ಲಿ ಡಾ. ಜಿ. ಎಸ್. ಚೀಮಾ ಅವರು 1936ರಲ್ಲಿ ಆಳಂದಿ ತಳಿಯ ಸಸಿಗಳ ನಡುವಿನಿಂದ ಆರಿಸಿದ ಗಿಡ ಅದು. ಮೊದಲು ಬರೀ ಸಂಕೇತ ಸಂಖ್ಯೆಯಿಂದ ಕರೆಯುತ್ತಿದ್ದುದಕ್ಕೆ 1970ರಲ್ಲಿ ಗಣೇಶ್ ಎಂಬ ಹೆಸರಾಯಿತು. ಮೆತ್ತನೆಯ ಬೀಜ, ಸಿಹಿ ರಸ, ಒಳ್ಳೆಯ ಇಳುವರಿ, ಮೂರೂ ಒಟ್ಟಿಗೆ ಸಿಕ್ಕಿದ ಕಾರಣ ದಶಕಗಳ ಕಾಲ ಅದೇ ತೋಟಗಳನ್ನು ಆಳಿತು. ಕೊರತೆ ಎಂದರೆ ಬಣ್ಣ. ಸಿಪ್ಪೆ ಹಳದಿ ಬೆರೆತ ನಸುಗೆಂಪು, ಕಾಳು ತಿಳಿಗುಲಾಬಿ.

ಆ ಕೊರತೆ ತುಂಬಲೆಂದು ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದವರು ಗಣೇಶ್ ತಳಿಯನ್ನು ‘ಗುಲ್-ಎ-ಶಾ ರೆಡ್’ ಎಂಬ ಕಡುಗೆಂಪಿನ ಹೊರನಾಡ ತಳಿಯೊಂದಿಗೆ ಸಂಕರಿಸಿದರು. ಮೃದುಲಾ, ಆರಕ್ತಾ, ಭಗವಾ ಮೂರೂ ಆ ಸಂಕರದ ಸಂತತಿಯಿಂದ ಬಂದವು. ಅಂದರೆ ಒಂದೇ ತಾಯಿ ತಂದೆಯ ಮಕ್ಕಳು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ರೂಬಿ’ಯಲ್ಲಿ ಕಾಬೂಲ್, ಏರ್ಕಾಡ್, ಗುಲ್-ಎ-ಶಾ ರೋಸ್ ತಳಿಗಳ ರಕ್ತ ಬೆರೆತಿದೆ, ಆದರೆ ಅಲ್ಲಿಯೂ ಗಣೇಶ್ ಇದ್ದೇ ಇದೆ. ಅದೇ ಸಂಸ್ಥೆ ಹುಳಿಗೆಂದು ರೂಪಿಸಿದ ‘ಅಮ್ಲಿದಾನ’ ಕೂಡ ಗಣೇಶ್ ಮತ್ತು ‘ನಾನಾ’ ಎಂಬ ಕುಳ್ಳ ಅಲಂಕಾರಿಕ ದಾಳಿಂಬೆಯ ಕೂಸು. ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2017ರಲ್ಲಿ ಹೊರತಂದ ‘ಸೋಲಾಪುರ ಲಾಲ್’ ತಳಿಯಲ್ಲಿ ಒಂದು ಕಡೆ ಭಗವಾ, ಇನ್ನೊಂದು ಕಡೆ ಗಣೇಶ್, ನಾನಾ ಮತ್ತು ಹಿಮಾಲಯದ ತಪ್ಪಲಿನ ಕಾಡು ದಾಳಿಂಬೆ ‘ದಾರು’ ಸೇರಿವೆ.

ಕರ್ನಾಟಕದ ಹಳೆಯ ಪಟ್ಟಿಗಳಲ್ಲಿ ಮಧುಗಿರಿ, ಬೇಸಿನ್ ಸೀಡ್‌ಲೆಸ್, ಪೇಪರ್ ಶೆಲ್, ಸ್ಪ್ಯಾನಿಷ್ ರೂಬಿ ಎಂಬ ಹೆಸರುಗಳು ಕಾಣುತ್ತವೆ. ಇಂದು ವಿಜಯಪುರ, ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ತೋಟಗಳಲ್ಲಿ ನಡೆದು ಬನ್ನಿ, ಎಕರೆಗಟ್ಟಲೆ ಭಗವಾ ಬಿಟ್ಟರೆ ಬೇರೆ ಸಿಗುವುದು ಅಪರೂಪ. ಅದೂ ಬೀಜದಿಂದ ಬೆಳೆದ ಭಗವಾ ಅಲ್ಲ. ಗೂಟಿ ಕಟ್ಟಿಯೋ (ಗಿಡದ ಮೇಲಿರುವ ರೆಂಬೆಗೇ ಬೇರು ಬರಿಸಿ), ಅಂಗಾಂಶ ಕೃಷಿಯಿಂದಲೋ (ಪ್ರಯೋಗಾಲಯದಲ್ಲಿ ಗಿಡದ ತುಣುಕಿನಿಂದ) ಮಾಡಿದ ಗಿಡಗಳು, ಒಂದರ ಪಡಿಯಚ್ಚು ಇನ್ನೊಂದು. ದಾಳಿಂಬೆಯನ್ನು ಬೀಜದಿಂದ ಬೆಳೆದರೆ ತಾಯಿಯ ಗುಣ ಹಾಗೆಯೇ ಬರುವುದಿಲ್ಲ, ಒಂದೇ ಹಣ್ಣಿನ ಹತ್ತು ಬೀಜ ನೆಟ್ಟರೆ ಹತ್ತು ಬಗೆಯ ಗಿಡ. ವ್ಯಾಪಾರಕ್ಕೆ ಅದು ತಲೆನೋವು. ವೈವಿಧ್ಯ ಉಳಿಯುವುದು ಮಾತ್ರ ಆ ತಲೆನೋವಿನಲ್ಲೇ.

ವೈವಿಧ್ಯ ಎಂದರೆ ಎಷ್ಟು ಎಂದು ಕೇಳುವವರಿಗೆ ಒಂದು ಅಂದಾಜು. ದಾಳಿಂಬೆಯ ಕುಲದಲ್ಲಿರುವುದು ಎರಡೇ ಪ್ರಭೇದ. ಒಂದು ನಾವು ತಿನ್ನುವುದು, ಇನ್ನೊಂದು ಯೆಮನ್ ದೇಶಕ್ಕೆ ಸೇರಿದ ಸೊಕೋಟ್ರಾ ದ್ವೀಪದಲ್ಲಿ ಮಾತ್ರ ಬೆಳೆಯುವ ಕಾಡು ಗಿಡ. ಆದರೆ ತಿನ್ನುವ ಆ ಒಂದೇ ಪ್ರಭೇದದೊಳಗೆ ತಳಿಗಳು ಲೆಕ್ಕವಿಲ್ಲದಷ್ಟು. ಸೋವಿಯತ್ ಕಾಲದಲ್ಲಿ ತುರ್ಕಮೆನಿಸ್ತಾನದ ಗರ್ರಿಗಲ ಕೇಂದ್ರದಲ್ಲಿ ಗ್ರಿಗೊರಿ ಲೆವಿನ್ ಎಂಬ ಸಸ್ಯವಿಜ್ಞಾನಿ ಹತ್ತಾರು ದೇಶಗಳಿಂದ ತಂದು ಕೂಡಿಸಿದ ದಾಳಿಂಬೆ ಮಾದರಿಗಳು 1,117. ಒಕ್ಕೂಟ ಒಡೆದ ಮೇಲೆ ಅವರು ಆ ಸಂಗ್ರಹವನ್ನು ಬಿಟ್ಟು ಇಸ್ರೇಲಿಗೆ ಹೋಗಬೇಕಾಯಿತು, ಅದರ ಒಂದು ಪಾಲು ಬೇರೆ ದೇಶಗಳ ವಂಶನಿಧಿಗಳಲ್ಲಿ ಉಳಿದಿದೆ.

ಡಿಎನ್ಎ ಗುರುತುಗಳನ್ನು ಬಳಸಿ ತಳಿಗಳ ನಡುವಿನ ದೂರ ಅಳೆಯುವ ಅಧ್ಯಯನಗಳು ಬೇಕಾದಷ್ಟಿವೆ. ಅವುಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅಂತಹ ಗುರುತುಗಳಲ್ಲಿ ಹೆಚ್ಚಿನವು ವಂಶವಾಹಿಗಳ ನಡುವಿನ ಖಾಲಿ ಜಾಗದಲ್ಲಿರುತ್ತವೆ, ಬಣ್ಣಕ್ಕಾಗಲಿ ಹುಳಿಗಾಗಲಿ ಅವು ನೇರ ಕಾರಣವಲ್ಲ. ಎರಡು ತಳಿಗಳು ನಂಟರೋ ಅಲ್ಲವೋ ಎಂಬುದನ್ನು ಅವು ಚೆನ್ನಾಗಿ ಹೇಳುತ್ತವೆ. ಯಾವುದು ಆರೋಗ್ಯಕ್ಕೆ ಹೆಚ್ಚು ಒಳ್ಳೆಯದು ಎಂದು ಹೇಳುವುದಿಲ್ಲ. ‘ವಂಶವೈವಿಧ್ಯ ಹೆಚ್ಚು, ಆದ್ದರಿಂದ ಔಷಧೀಯ ಗುಣ ಹೆಚ್ಚು’ ಎಂದು ಯಾರಾದರೂ ಒಂದೇ ಉಸಿರಿನಲ್ಲಿ ಹೇಳಿದರೆ, ನಡುವೆ ಒಂದು ಮೆಟ್ಟಿಲು ಹಾರಿದ್ದಾರೆ ಎಂದು ತಿಳಿಯಿರಿ.

ಬುಟ್ಟಿಯಲ್ಲಿರುವ ತಳಿಗಳು

ಭಗವಾ: ದಪ್ಪ, ಹೊಳೆಯುವ ಸಿಪ್ಪೆ, ಕೆಂಪು ಕಾಳು, ಮೆತ್ತನೆಯ ಬೀಜ. ಹೂವಿನಿಂದ ಕೊಯ್ಲಿಗೆ ಸುಮಾರು ಆರು ತಿಂಗಳು ಬೇಡುತ್ತದೆ. ದಪ್ಪ ಸಿಪ್ಪೆಯ ಕಾರಣ ಲಾರಿಯ ಕುಲುಕಾಟವನ್ನೂ ಹಡಗಿನ ಪ್ರಯಾಣವನ್ನೂ ತಡೆಯುತ್ತದೆ. ಅದು ಮಾರುಕಟ್ಟೆ ಗೆದ್ದದ್ದು ಈ ಗುಣದಿಂದ. ರುಚಿಯಲ್ಲಿ ನನ್ನ ತಕರಾರಿಲ್ಲ, ಸಿಹಿಗೆ ತಕ್ಕ ಹುಳಿಯೂ ಇದೆ. ಮನೆಗೆ ತಂದು ವಾರಗಟ್ಟಲೆ ಇಡಬೇಕೆನ್ನುವವರು ಕಣ್ಣು ಮುಚ್ಚಿ ಇದನ್ನೇ ಕೊಳ್ಳಬಹುದು.

ಗಣೇಶ್: ಬಣ್ಣದಲ್ಲಿ ಸೋಲುತ್ತದೆ, ಬಾಯಲ್ಲಿ ಸೋಲುವುದಿಲ್ಲ. ಹುಳಿ ಕಡಿಮೆ, ಬೀಜ ಮೆತ್ತಗೆ. ಪುಟ್ಟ ಮಕ್ಕಳಿಗೂ ಹಲ್ಲು ಸವೆದ ಹಿರಿಯರಿಗೂ ಇದು ಹಿತ. ಸಿಕ್ಕರೆ ಬಿಡಬೇಡಿ.

ಮೃದುಲಾ ಮತ್ತು ಆರಕ್ತಾ: ಮೃದುಲಾ ಹೆಸರಿಗೆ ತಕ್ಕಂತೆ ಮೆದು. ಆರಕ್ತಾದ ಕಾಳು ಭಗವಾಗಿಂತಲೂ ಗಾಢ ಕೆಂಪು. ಎರಡೂ ಭಗವಾಗಿಂತ ಬೇಗ ಮಾಗುತ್ತವೆ, ಹಣ್ಣಿನ ಗಾತ್ರ ಮಾತ್ರ ಸಣ್ಣದು. ಗಾತ್ರ ನೋಡಿ ಬೆಲೆ ಕಟ್ಟುವ ಮಂಡಿಯಲ್ಲಿ ಇವು ಹಿಂದೆ ಬಿದ್ದದ್ದು ಅದಕ್ಕೇ. ತಿನ್ನುವವನಿಗೆ ಅದು ದೋಷವೇ ಅಲ್ಲ.

ರೂಬಿ: ಕೆಂಪು ಕಾಳು, ಮೆತ್ತನೆಯ ಬೀಜ. ನಮ್ಮ ರಾಜ್ಯದಲ್ಲೇ ಹುಟ್ಟಿದ ತಳಿ, ಆದರೂ ಅಂಗಡಿಯಲ್ಲಿ ಕಾಣುವುದು ಕಡಿಮೆ.

ಸೋಲಾಪುರ ಲಾಲ್: ಪೋಷಕಾಂಶ ಹೆಚ್ಚಿಸುವ ಗುರಿಯಿಂದಲೇ ರೂಪಿಸಿದ ತಳಿ. ಇದರ ಅಂಕಿಗಳನ್ನು ಮುಂದೆ ಬಿಡಿಸಿ ನೋಡೋಣ.

ಅಮ್ಲಿದಾನ ಮತ್ತು ದಾರು: ಇವು ತಿನ್ನುವ ಹಣ್ಣುಗಳೇ ಅಲ್ಲ, ಹುಳಿಯ ಕಣಜಗಳು. ಕಾಳು ಒಣಗಿಸಿ ಅನಾರ್‌ದಾನ ಮಾಡುತ್ತಾರೆ. ದಾರುವಿನ ಬೀಜ ಗಟ್ಟಿ, ಹಣ್ಣು ಚಿಕ್ಕದು. ಹಿಮಾಚಲ, ಜಮ್ಮು, ಉತ್ತರಾಖಂಡದ ಗುಡ್ಡಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ತಳಿ ಸಂವರ್ಧಕರಿಗೆ ಇದು ಚಿನ್ನ. ರೋಗ ತಡೆಯುವ ಗುಣವನ್ನು ಅವರು ಹುಡುಕುತ್ತಿರುವುದು ಇಂತಹ ಕಾಡು ಗಿಡಗಳಲ್ಲಿ.

ಕೆಂಪು ಎಲ್ಲಿಂದ ಬರುತ್ತದೆ

ಕಾಳಿನ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳು. ದಾಳಿಂಬೆಯಲ್ಲಿ ಮುಖ್ಯವಾಗಿ ಆರು ಬಗೆ. ಸಯನಿಡಿನ್, ಡೆಲ್ಫಿನಿಡಿನ್, ಪೆಲಾರ್ಗೊನಿಡಿನ್ ಎಂಬ ಮೂರು ಮೂಲಗಳಿಗೆ ಒಂದೊಂದು ಅಥವಾ ಎರಡೆರಡು ಸಕ್ಕರೆಯ ಕಣ ಅಂಟಿಕೊಂಡ ರೂಪಗಳು ಅವು. ಯಾವುದು ಎಷ್ಟು ಎಂಬುದರ ಮೇಲೆ ಬಣ್ಣ ಕಿತ್ತಳೆಗೆಂಪಿಗೋ ನೇರಳೆಗೆಂಪಿಗೋ ವಾಲುತ್ತದೆ. ಇದರಲ್ಲಿ ವಂಶದ ಪಾಲು ದೊಡ್ಡದು. ಸಂಪೂರ್ಣ ಬಿಳಿ ದಾಳಿಂಬೆಯೂ ಇದೆ. ವರ್ಣದ್ರವ್ಯ ತಯಾರಿಯ ಸರಪಳಿಯಲ್ಲಿ ಕೆಲಸ ಮಾಡುವ ಒಂದು ವಂಶವಾಹಿಯ ನಡುವೆ ಬೇರೊಂದು ಡಿಎನ್ಎ ತುಂಡು ಬಂದು ಸೇರಿಕೊಂಡು ಅದನ್ನು ಕೆಡಿಸಿದ್ದೇ ಅದರ ಬಿಳುಪಿಗೆ ಕಾರಣ ಎಂದು ಇಸ್ರೇಲಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದರು.

ಆದರೆ ಪೂರ್ತಿ ವಂಶದ ಆಟವೂ ಅಲ್ಲ. ಹಣ್ಣು ಮಾಗುವಾಗಿನ ಬಿಸಿಲು ಚಳಿಗಳು ಅದೇ ಗಿಡದ ಹಣ್ಣಿನ ಬಣ್ಣವನ್ನು ಬದಲಿಸುತ್ತವೆ. ಒಂದೇ ತಳಿಗಳನ್ನು ಇಸ್ರೇಲಿನ ಸುಡುವ ಮರುಭೂಮಿಯಲ್ಲೂ ಅದಕ್ಕಿಂತ ತಂಪಾದ ಪ್ರದೇಶದಲ್ಲೂ ಬೆಳೆದು ನೋಡಿದಾಗ, ತಂಪಿನಲ್ಲಿ ಮಾಗಿದ ಕಾಳಿನಲ್ಲೇ ಆಂಥೋಸಯನಿನ್ ಹೆಚ್ಚಿತ್ತು. ನಮ್ಮ ರೈತರು ಇದನ್ನು ಬಹಾರ್‌ಗಳ, ಅಂದರೆ ಹೂ ಹಿಡಿಸುವ ಹಂಗಾಮುಗಳ ಲೆಕ್ಕದಲ್ಲಿ ಬಲ್ಲರು. ಜನವರಿ ಫೆಬ್ರವರಿಯಲ್ಲಿ ಹೂ ಹಿಡಿಸುವುದು ಅಂಬೆ ಬಹಾರ್, ಜೂನ್ ಜುಲೈಯಲ್ಲಿ ಮೃಗ ಬಹಾರ್, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹಸ್ತ ಬಹಾರ್. ಮೃಗ ಬಹಾರದ ಹಣ್ಣು ಚಳಿಗಾಲದಲ್ಲಿ ಬಣ್ಣ ತುಂಬಿಕೊಳ್ಳುತ್ತದೆ. ಅಂಬೆ ಬಹಾರದ ಕಾಯಿ ಬೇಸಿಗೆಯ ಕಾವಿನಲ್ಲಿ ಬೆಳೆಯುತ್ತದೆ. ಆದ್ದರಿಂದ ಜುಲೈಯಲ್ಲಿ ಕೊಂಡ ಭಗವಾ ಡಿಸೆಂಬರಿನ ಭಗವಾದಷ್ಟು ಕೆಂಪಿಲ್ಲದಿದ್ದರೆ ಗಾಡಿಯವನ ಮೇಲೆ ಸಿಟ್ಟಾಗಬೇಕಿಲ್ಲ.

ಸಿಪ್ಪೆಯ ಬಣ್ಣದಿಂದ ಕಾಳಿನ ಬಣ್ಣವನ್ನು ಊಹಿಸುವುದೂ ಕೆಲಸಕ್ಕೆ ಬಾರದ ವಿದ್ಯೆ. ಸಿಪ್ಪೆಯಲ್ಲಿ ಬಣ್ಣ ಕೂಡುವುದೇ ಬೇರೆ, ಕಾಳಿನಲ್ಲಿ ಕೂಡುವುದೇ ಬೇರೆ. ಮಾಗಿದ ಹಣ್ಣನ್ನು ಗುರುತಿಸಲು ಬಣ್ಣಕ್ಕಿಂತ ಆಕಾರ ಮೇಲು. ಗುಂಡಗಿದ್ದ ಕಾಯಿ ಮಾಗಿದಂತೆ ಒಳಗಿನ ಕಾಳು ಉಬ್ಬಿ, ಬದಿಗಳು ಚಪ್ಪಟೆಯಾಗಿ ಏಣುಗಳು ಮೂಡುತ್ತವೆ. ಜೊತೆಗೆ, ಗಾತ್ರಕ್ಕೆ ಹೋಲಿಸಿದರೆ ಕೈಗೆ ಭಾರವೆನಿಸಬೇಕು.

ಕಾಳೋ, ರಸವೋ

ದಾಳಿಂಬೆಯ ಆರೋಗ್ಯಗುಣದ ಬಗ್ಗೆ ನಾವು ಓದುವ ಸುದ್ದಿಗಳ ಬುಡದಲ್ಲಿರುವ ಸಂಗತಿ ಇದು, ಹಾಗಾಗಿ ಸ್ವಲ್ಪ ನಿಲ್ಲೋಣ. 2000ದಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ದಾಳಿಂಬೆ ರಸದ ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಶಕ್ತಿ ಕೆಂಪು ವೈನ್ ಮತ್ತು ಹಸಿರು ಚಹಾದ ಮೂರು ಪಟ್ಟು ಎಂದು ಕಂಡುಕೊಂಡಿತು. ಆ ವಾಕ್ಯ ಲೋಕವೆಲ್ಲ ಸುತ್ತಿತು. ಅದೇ ಅಧ್ಯಯನದ ಇನ್ನೊಂದು ವಾಕ್ಯ ಅಷ್ಟು ದೂರ ಹೋಗಲಿಲ್ಲ: ಇಡೀ ಹಣ್ಣನ್ನು ಸಿಪ್ಪೆಸಹಿತ ಯಂತ್ರದಲ್ಲಿ ಒತ್ತಿ ತೆಗೆದ ಕಾರ್ಖಾನೆಯ ರಸದಲ್ಲಿ ಈ ಶಕ್ತಿ ಹೆಚ್ಚು, ಕಾಳನ್ನಷ್ಟೇ ಬಿಡಿಸಿ ಹಿಂಡಿದ ರಸದಲ್ಲಿ ಕಡಿಮೆ. ಕಾರಣ ಪ್ಯೂನಿಕಲಾಜಿನ್ ಎಂಬ ಟ್ಯಾನಿನ್, ಅಂದರೆ ಒಗರು ಕೊಡುವ ವಸ್ತು. ಅದು ಹೇರಳವಾಗಿರುವುದು ಸಿಪ್ಪೆಯಲ್ಲಿ ಮತ್ತು ಕಾಳುಗಳ ನಡುವಿನ ಹಳದಿ ಪೊರೆಯಲ್ಲಿ. ನಾವು ಕಹಿ ಒಗರು ಎಂದು ಜಾಗರೂಕತೆಯಿಂದ ಕಿತ್ತೆಸೆಯುವ ಭಾಗಗಳಲ್ಲಿ.

ಅಂದರೆ ಮನೆಯಲ್ಲಿ ಕಾಳು ಬಿಡಿಸಿ ಮಾಡಿದ ರಸವನ್ನೂ ಪ್ರಯೋಗಗಳಲ್ಲಿ ಬಳಸಿದ ರಸವನ್ನೂ ಒಂದೇ ಎಂದು ಭಾವಿಸುವಂತಿಲ್ಲ. ಆ ಪ್ರಯೋಗಗಳಲ್ಲಿ ಎಷ್ಟೋ ಕ್ಯಾಲಿಫೋರ್ನಿಯಾದ ‘ವಂಡರ್‌ಫುಲ್’ ತಳಿಯ ಮೇಲೆ ನಡೆದವು, ನಮ್ಮ ಭಗವಾದ ಮೇಲೆ ಅಲ್ಲ ಎಂಬುದನ್ನೂ ನೆನಪಿಡಬೇಕು. ವಂಡರ್‌ಫುಲ್ ಹುಳಿ ಮುಂದಿರುವ, ಬೀಜ ಇನ್ನಷ್ಟು ಗಟ್ಟಿಯಾದ ಹಣ್ಣು. ಆ ತಳಿಯ ರಸ ಮಾರುವ ಪಾಮ್ ವಂಡರ್‌ಫುಲ್ ಕಂಪನಿ ಹೃದ್ರೋಗ, ಪ್ರಾಸ್ಟೇಟ್ ಕ್ಯಾನ್ಸರ್ ಇತ್ಯಾದಿಗಳನ್ನು ತಡೆಯುತ್ತದೆಂಬ ಅರ್ಥ ಬರುವಂತೆ ಜಾಹೀರಾತು ಕೊಟ್ಟದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ದೂರು ಹೂಡಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಬಹುಮಟ್ಟಿಗೆ ಆಯೋಗದ ಪರವಾಗಿಯೇ ತೀರ್ಪು ಕೊಟ್ಟಿತು. ಮೊಬೈಲಿನಲ್ಲಿ ಬರುವ ‘ದಾಳಿಂಬೆಯ ಹದಿನೆಂಟು ಲಾಭಗಳು’ ನೋಡಿದಾಗಲೆಲ್ಲ ನನಗೆ ಆ ಮೊಕದ್ದಮೆ ನೆನಪಾಗುತ್ತದೆ.

ಹಾಗೆಂದು ಎಲ್ಲವೂ ಸುಳ್ಳೂ ಅಲ್ಲ. ದಾಳಿಂಬೆ ರಸ ಮತ್ತು ರಕ್ತದೊತ್ತಡದ ಬಗ್ಗೆ ನಡೆದ 8 ಪ್ರಯೋಗಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ ಮೇಲಿನ (ಸಿಸ್ಟಾಲಿಕ್) ಒತ್ತಡ ಸರಾಸರಿ 5 ಅಂಕದಷ್ಟು ಇಳಿದದ್ದು ಕಂಡಿತು. ಚಿಕ್ಕ ಇಳಿಕೆ, ಆದರೆ ಇಳಿಕೆಯೇ. ಇದರ ಇನ್ನೊಂದು ಮುಖವೆಂದರೆ, ಒತ್ತಡದ ಮಾತ್ರೆ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಸೇವಿಸುವವರು ದಿನವೂ ಲೋಟಗಟ್ಟಲೆ ರಸ ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು. ಪೊಟ್ಯಾಸಿಯಂ ಮಿತಿಯಲ್ಲಿಡಬೇಕಾದ ಮೂತ್ರಪಿಂಡದ ರೋಗಿಗಳೂ ಅಷ್ಟೇ.

ಪ್ಯೂನಿಕಲಾಜಿನ್ ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ ಎಂಬುದು ಇನ್ನೂ ಕುತೂಹಲದ ಕಥೆ. ಅದು ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ. ಮೊದಲು ಎಲಾಜಿಕ್ ಆಮ್ಲವಾಗಿ, ಬಳಿಕ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಂದ ಯುರೊಲಿಥಿನ್ ಎಂಬ ಸಣ್ಣ ಅಣುಗಳಾಗಿ ಬದಲಾಗುತ್ತದೆ. ಆ ಬ್ಯಾಕ್ಟೀರಿಯಾಗಳು ಎಲ್ಲರ ಕರುಳಿನಲ್ಲೂ ಒಂದೇ ತೆರನಾಗಿಲ್ಲ. ಕೆಲವರಲ್ಲಿ ಒಂದು ಬಗೆಯ ಯುರೊಲಿಥಿನ್, ಕೆಲವರಲ್ಲಿ ಇನ್ನೊಂದು, ಕೆಲವರಲ್ಲಿ ಹುಟ್ಟುವುದೇ ಇಲ್ಲ. ಹಣ್ಣಿನ ತಳಿಗಳ ನಡುವಿನ ವ್ಯತ್ಯಾಸವನ್ನು ನಾವು ತೂಗಿ ನೋಡುತ್ತಿರುವಾಗ, ತಿನ್ನುವವರ ನಡುವಿನ ವ್ಯತ್ಯಾಸ ಅದಕ್ಕಿಂತ ದೊಡ್ಡದಾಗಿರಬಹುದು.

ಕಾಳು ಮತ್ತು ರಸದ ನಡುವೆ ನಾನು ಕಾಳಿನ ಪಕ್ಷ. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಂತೆ 100 ಗ್ರಾಂ ಕಾಳಿನಲ್ಲಿ 4 ಗ್ರಾಂ ನಾರು, ಸುಮಾರು 10 ಮಿಲಿಗ್ರಾಂ ವಿಟಮಿನ್ ಸಿ, ಸುಮಾರು 14 ಗ್ರಾಂ ಸಕ್ಕರೆ ಇದೆ. ಅಷ್ಟೇ ತೂಕದ ಬಾಟಲಿಯ ರಸದಲ್ಲಿ ಸಕ್ಕರೆ ಸುಮಾರು 13 ಗ್ರಾಂ. ನಾರು ಮತ್ತು ವಿಟಮಿನ್ ಸಿ ಎರಡೂ ಲೆಕ್ಕಕ್ಕೆ ಸಿಗದಷ್ಟು. ರಸಕ್ಕೆ ಟ್ಯಾನಿನ್‌ನ ಮೇಲುಗೈ ಇದೆ, ನಿಜ. ಆದರೆ ಮಧುಮೇಹ ಇರುವವರಿಗೆ ನಾರು ತೆಗೆದ ಸಕ್ಕರೆ ನೀರನ್ನು ಟ್ಯಾನಿನ್‌ನ ನೆಪದಲ್ಲಿ ಕುಡಿಸುವುದು ಯಾವ ಜಾಣತನ?

ರಕ್ತ, ಕಬ್ಬಿಣ ಮತ್ತು ಎರಡು ಪಟ್ಟಿಗಳು

ಬಾಣಂತಿಗೆ, ರಕ್ತ ಕಡಿಮೆಯಿದ್ದವರಿಗೆ ದಾಳಿಂಬೆ ಕೊಡುವ ರೂಢಿ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ರಸ ರಕ್ತದ ಬಣ್ಣದಲ್ಲಿರುವುದೇ ಇದಕ್ಕೆ ಕಾರಣವಿರಬೇಕು ಎಂದು ನನ್ನ ಗುಮಾನಿ. ಮೇಲೆ ಹೇಳಿದ ಅದೇ ಪಟ್ಟಿಯಲ್ಲಿ 100 ಗ್ರಾಂ ಕಾಳಿಗೆ ಕಬ್ಬಿಣ ಬರೀ 0.3 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ, ಬುಟ್ಟಿ ಬರಿದಾದರೂ ಅರ್ಧ ದಾರಿ ಸವೆಯುವುದಿಲ್ಲ.

ಈಗ ಸೋಲಾಪುರ ಲಾಲ್‌ನ ಅಂಕಿಗಳು. ಬಿಡುಗಡೆಯ ವಿವರದಂತೆ 100 ಗ್ರಾಂ ತಾಜಾ ಕಾಳಿನಲ್ಲಿ ಕಬ್ಬಿಣ 5.6ರಿಂದ 6.1 ಮಿಲಿಗ್ರಾಂ, ಸತು 0.64ರಿಂದ 0.69, ವಿಟಮಿನ್ ಸಿ 19.4ರಿಂದ 19.8 ಮಿಲಿಗ್ರಾಂ. ಹೋಲಿಕೆಗೆ ಕೊಟ್ಟ ಗಣೇಶ್‌ನಲ್ಲಿ ಕಬ್ಬಿಣ 2.7ರಿಂದ 3.2, ಸತು 0.50ರಿಂದ 0.54, ವಿಟಮಿನ್ ಸಿ 14.2ರಿಂದ 14.6. ಸೂಕ್ಷ್ಮ ಓದುಗರಿಗೆ ಇಲ್ಲೊಂದು ಮುಳ್ಳು ಚುಚ್ಚಬೇಕು: ಸಾಮಾನ್ಯ ಪಟ್ಟಿಯ 0.3 ಎಲ್ಲಿ, ಗಣೇಶ್‌ನ 2.7 ಎಲ್ಲಿ? ಒಂಬತ್ತು ಪಟ್ಟು ಅಂತರ. ಬೇರೆ ಮಣ್ಣು, ಬೇರೆ ತಳಿ, ಬೇರೆ ಪ್ರಯೋಗಾಲಯ, ಬೇರೆ ವಿಧಾನ. ಇಂತಹ ಎರಡು ಪಟ್ಟಿಗಳ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ‘ಸೋಲಾಪುರ ಲಾಲ್‌ನಲ್ಲಿ ಇಪ್ಪತ್ತು ಪಟ್ಟು ಕಬ್ಬಿಣ’ ಎಂದು ಘೋಷಿಸುವುದು ತಪ್ಪು. ಒಂದೇ ಪಟ್ಟಿಯೊಳಗಿನ ಹೋಲಿಕೆಯನ್ನಷ್ಟೇ ನಂಬಬೇಕು. ಹಾಗೆ ನೋಡಿದರೆ ಸೋಲಾಪುರ ಲಾಲ್ ಗಣೇಶ್‌ಗಿಂತ ಕಬ್ಬಿಣದಲ್ಲಿ ಸುಮಾರು ಎರಡು ಪಟ್ಟು, ವಿಟಮಿನ್ ಸಿಯಲ್ಲಿ ಮೂರನೆಯ ಒಂದರಷ್ಟು ಮುಂದಿದೆ. ಅಷ್ಟು ಸಾಕು, ಅದೇ ದೊಡ್ಡ ಸಾಧನೆ. ಆರೋಗ್ಯಗುಣವನ್ನೇ ಗುರಿಯಾಗಿಟ್ಟು ವಂಶವೈವಿಧ್ಯವನ್ನು ಬಳಸಿಕೊಂಡರೆ ಏನು ಸಾಧ್ಯ ಎಂಬುದಕ್ಕೆ ನಮ್ಮ ನಡುವೆ ಇರುವ ಸ್ಪಷ್ಟ ಉದಾಹರಣೆ ಇದು.

ಇನ್ನೊಂದು ಸಂಗತಿ ಸೇರಿಸಬೇಕು. ವಿಟಮಿನ್ ಸಿ ಸಸ್ಯಾಹಾರದ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ, ಟ್ಯಾನಿನ್ ಅಡ್ಡಿಯಾಗುತ್ತದೆ. ಹಾಗಾಗಿ ರಕ್ತಹೀನತೆಯ ಕಾರಣಕ್ಕೆ ದಾಳಿಂಬೆ ತಿನ್ನುವವರಿಗೆ ಸಿಪ್ಪೆಯ ಒಗರಿಲ್ಲದ ಕಾಳೇ ಸರಿ. ಮುಖ್ಯ ಚಿಕಿತ್ಸೆ ವೈದ್ಯರು ಹೇಳಿದ್ದೇ ಆಗಿರಲಿ.

ಸಿಹಿ, ಹುಳಿ, ಬೀಜ

ಆಯುರ್ವೇದದ ಹಳೆಯ ನಿಘಂಟುಕಾರರು ದಾಡಿಮವನ್ನು ಬಣ್ಣದಿಂದ ವಿಂಗಡಿಸಲಿಲ್ಲ. ಸಿಹಿ, ಸಿಹಿಹುಳಿ, ಬರೀ ಹುಳಿ ಎಂದು ರುಚಿಯಿಂದ ಮೂರು ಮಾಡಿ ಗುಣ ಹೇಳಿದರು. ಇಂದಿನ ರಸಾಯನ ವಿಜ್ಞಾನವೂ ವಿಂಗಡಿಸುವುದು ಹಾಗೆಯೇ, ಅದು ಅಳೆಯುವುದು ಮುಖ್ಯವಾಗಿ ಸಿಟ್ರಿಕ್ ಆಮ್ಲವನ್ನು. ಇದರಲ್ಲಿ ಅನೇಕರು ಎಡವುವ ಜಾಗ ಒಂದಿದೆ. ಹುಳಿ ದಾಳಿಂಬೆಯಲ್ಲಿ ಸಕ್ಕರೆ ಕಡಿಮೆ ಎಂದು ತಿಳಿಯುತ್ತಾರೆ. ಹಾಗಲ್ಲ. ಸಿಹಿ ತಳಿಗೂ ಹುಳಿ ತಳಿಗೂ ಸಕ್ಕರೆಯಲ್ಲಿ ಅಂತಹ ದೊಡ್ಡ ಅಂತರವಿರುವುದಿಲ್ಲ, ಅಂತರವಿರುವುದು ಆಮ್ಲದಲ್ಲಿ. ಆಮ್ಲ ಹೆಚ್ಚಿದ್ದಲ್ಲಿ ಸಿಹಿ ನಾಲಿಗೆಗೆ ಗೊತ್ತಾಗುವುದಿಲ್ಲ, ಅಷ್ಟೇ. ಸಕ್ಕರೆ ಕಾಯಿಲೆಯವರು ಹುಳಿ ಹಣ್ಣು ಹುಡುಕಿಕೊಂಡು ಹೋಗುವುದರಿಂದ ಪ್ರಯೋಜನ ಕಡಿಮೆ, ಪ್ರಮಾಣ ನೋಡಿಕೊಂಡರೆ ಸಾಕು. ಆಮ್ಲಪಿತ್ತ ಇರುವವರಿಗೆ ಮಾತ್ರ ಗಣೇಶ್‌ನಂತಹ ಹುಳಿ ಕಡಿಮೆಯ ತಳಿ ನಿಜಕ್ಕೂ ಸಮಾಧಾನ.

ಬೀಜ ಉಗಿಯಬೇಕೇ, ಅಗಿಯಬೇಕೇ? ಬೀಜದ ಎಣ್ಣೆಯಲ್ಲಿ ಪ್ಯೂನಿಸಿಕ್ ಆಮ್ಲ ಎಂಬ ವಿಶಿಷ್ಟ ಕೊಬ್ಬಿನಾಮ್ಲವೇ ದೊಡ್ಡ ಪಾಲು. ನಾರಿನ ಬಹುಭಾಗವೂ ಬೀಜದಲ್ಲೇ ಇದೆ. ಮೆತ್ತನೆಯ ಬೀಜದ ತಳಿಗೂ ಗಟ್ಟಿ ಬೀಜದ ತಳಿಗೂ ಇರುವ ವ್ಯತ್ಯಾಸ ಇಲ್ಲಿ ಬರೀ ಸೌಕರ್ಯದ್ದಲ್ಲ. ಅಗಿಯಲು ಬರುವ ಬೀಜದ್ದು ಹೊಟ್ಟೆಗೆ ದಕ್ಕುತ್ತದೆ, ಬಾರದ್ದನ್ನು ಉಗಿಯುತ್ತೇವೆ.

ಬೇರಿನ ತೊಗಟೆಯ ಕಷಾಯದ ಬಗ್ಗೆ ಒಂದು ಮಾತು: ಲಾಡಿಹುಳುವಿಗೆ ಹಿಂದೆ ಅದನ್ನು ಕೊಡುತ್ತಿದ್ದರು. ಅದರಲ್ಲಿರುವ ಪೆಲೆಟಿಯರಿನ್ ಎಂಬ ಆಲ್ಕಲಾಯ್ಡ್‌ಗಳು ವಿಷಕಾರಿ. ಮನೆಯಲ್ಲಿ ಮಾಡಿ ನೋಡುವ ವಸ್ತುವಲ್ಲ.

ನೆಡುವವರು ಯಾವುದನ್ನು ಆರಿಸಬೇಕು

ಎಕರೆಗಟ್ಟಲೆ ಹಾಕುವವರಿಗೆ ನಾನು ಬುದ್ಧಿ ಹೇಳಲಾರೆ, ಅವರ ಲೆಕ್ಕ ಮಂಡಿಯ ಲೆಕ್ಕ. ಆದರೂ ಒಂದು ನೆನಪು. ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಅಂಗಮಾರಿ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಲ್ಲಿ. ಅರ್ಧ ಶತಮಾನದ ಬಳಿಕ ಅದು ಕೊಪ್ಪಳ, ಬಾಗಲಕೋಟೆ, ಬಳ್ಳಾರಿಯ ಕಡೆ ತೋಟಕ್ಕೆ ತೋಟವನ್ನೇ ಕೀಳಿಸಿತು. ಕಾಯಿಯ ಮೇಲೆ ಎಣ್ಣೆ ಹಚ್ಚಿದಂತಹ ಕಪ್ಪು ಚುಕ್ಕೆ, ಆಮೇಲೆ ನಕ್ಷತ್ರದಂತೆ ಸೀಳು. ಎಲ್ಲ ಗಿಡಗಳೂ ಒಂದೇ ಗಿಡದ ಪಡಿಯಚ್ಚಾದಾಗ ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲುತ್ತದೆ. ಅಂಗಾಂಶ ಕೃಷಿಯ ಸಸಿ ತಂದರೆ ರೋಗವಿಲ್ಲದ ಗಿಡ ಸಿಗುತ್ತದೆ, ರೋಗ ತಡೆಯುವ ಗಿಡವಲ್ಲ. ಎರಡಕ್ಕೂ ಬಹಳ ವ್ಯತ್ಯಾಸವಿದೆ, ಮಾರುವವರು ಅದನ್ನು ಒತ್ತಿ ಹೇಳುವುದಿಲ್ಲ.

ಹಿತ್ತಲಿಗೆ ಒಂದೇ ಗಿಡ ಬೇಕೆನ್ನುವವರು ಭಗವಾ ಬಿಟ್ಟು ಬೇರೇನಾದರೂ ನೆಡಿ, ಭಗವಾ ಹೇಗೂ ಅಂಗಡಿಯಲ್ಲಿ ಸಿಗುತ್ತದೆ. ಪೋಷಕಾಂಶ ಮುಖ್ಯವೆಂದರೆ ಸೋಲಾಪುರ ಲಾಲ್, ಮಕ್ಕಳು ಮುದುಕರು ತಿನ್ನಲಿಕ್ಕೆ ಗಣೇಶ್ ಅಥವಾ ಮೃದುಲಾ, ಬಣ್ಣದ ಮೋಹವಿದ್ದರೆ ಆರಕ್ತಾ. ಸಸಿಯನ್ನು ಕೃಷಿ ಅಥವಾ ತೋಟಗಾರಿಕೆ ಸಂಸ್ಥೆಗಳಿಂದ ತಂದರೆ ಒಳ್ಳೆಯದು. ನಾನು ಒಮ್ಮೆ ರಸ್ತೆ ಬದಿಯ ನರ್ಸರಿಯೊಂದರಲ್ಲಿ ಆರಕ್ತಾ ಎಂದು ನಂಬಿ ಕೊಂಡ ಗಿಡ ಮೂರನೆಯ ವರ್ಷ ಕಾಯಿ ಬಿಟ್ಟಾಗ ತನ್ನ ನಿಜನಾಮ ಹೇಳಿತು: ಅಪ್ಪಟ ಭಗವಾ.

ಇವೆಲ್ಲಕ್ಕಿಂತ ಉತ್ತಮವಾದ ಆಯ್ಕೆ ನಿಮ್ಮೂರಿನಲ್ಲೇ ಇರಬಹುದು. ಯಾವುದೋ ಹಳೆಯ ಮನೆಯ ಬಾವಿಕಟ್ಟೆಯ ಪಕ್ಕ, ಯಾರೂ ಔಷಧಿ ಹೊಡೆಯದೆ, ಚಾಟನಿ ಮಾಡದೆ ವರ್ಷವರ್ಷವೂ ಕಾಯಿ ಬಿಡುತ್ತಿರುವ, ಬೀಜದಿಂದ ಎದ್ದ ದಾಳಿಂಬೆ. ಅದರ ಹಣ್ಣು ರುಚಿಸಿದರೆ ಬೀಜ ತರಬೇಡಿ, ಗುಣ ಬದಲಾಗುತ್ತದೆ. ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ದಪ್ಪದ ಬಲಿತ ರೆಂಬೆ ಆರಿಸಿ, ಒಂದು ಅಂಗುಲದಷ್ಟು ತೊಗಟೆಯನ್ನು ಉಂಗುರದಂತೆ ಸುಲಿದು, ಒದ್ದೆ ಪಾಚಿಯನ್ನು ಸುತ್ತಿ ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿದು ಕಟ್ಟಿ. ಎರಡು ತಿಂಗಳಾಗುವಷ್ಟರಲ್ಲಿ ಹಾಳೆಯೊಳಗೆ ಬಿಳಿ ಬೇರು ಕಾಣುತ್ತದೆ. ಬೇರು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಗಂಟಿನ ಕೆಳಗೆ ಕತ್ತರಿಸಿ ಕುಂಡಕ್ಕೆ ಹಾಕಿ, ಆ ಮರದ ಮನೆಯವರಿಗೂ ಒಂದು ಗಿಡ ಕೊಡಲಿಕ್ಕೆಂದು ಎರಡು ಗೂಟಿ ಕಟ್ಟುವುದು ವಾಸಿ.